ಪಾಕಕ್ಕಿಳಿದ ಪುಷ್ಪಲೋಕ

ಬೇವಿನ ಹೂವಿನಿಂದ ಕೇದಗೆಯವರೆಗೆ, ಗುಲ್ಕನ್‌ನಿಂದ ನೀಲಿ ಪಾಯಸದವರೆಗೆ: ಮನೆಯ ಒಲೆಯ ಬಳಿ ಅರಳುವ ಸುಗಂಧಭರಿತ ಸಿಹಿಗಳ ಸಮಗ್ರ ಚಿತ್ರ

ಯುಗಾದಿಯ ಬೆಳಗ್ಗೆ ಎಣ್ಣೆಸ್ನಾನ ಮುಗಿಸಿ ದೇವರ ಮುಂದೆ ನಿಲ್ಲುವ ಕನ್ನಡಿಗರ ನಾಲಗೆಗೆ ಮೊದಲು ತಾಗುವುದು ಒಬ್ಬಟ್ಟಲ್ಲ, ಪಾಯಸವೂ ಅಲ್ಲ, ಬೇವಿನ ಹೂವು. ಬೆಲ್ಲದ ಪುಡಿಯಲ್ಲಿ ಹೊರಳಿದ, ಹುರಿಗಡಲೆಯ ಜೊತೆ ಬೆರೆತ ಆ ಕೆನೆಬಣ್ಣದ ಪುಟ್ಟ ಹೂವನ್ನು ಬಾಯಿಗಿಡುವಾಗ ಸುಖದುಃಖಗಳ ಸಮಭಾವವನ್ನಷ್ಟೇ ನೆನೆಯುತ್ತೇವೆ. ವರ್ಷದ ಮೊದಲ ಸಿಹಿಯೇ ಒಂದು ಪುಷ್ಪಭಕ್ಷ್ಯ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ಅಲ್ಲಿಂದ ಮುಂದಕ್ಕೂ ಅಷ್ಟೇ. ಹಯಗ್ರೀವದಲ್ಲಿ ಅಲ್ಲಲ್ಲಿ ಹಲ್ಲಿಗೆ ಸಿಕ್ಕುವ ಲವಂಗ ಅರಳುವ ಮುನ್ನವೇ ಕೊಯ್ದು ಒಣಗಿಸಿದ ಮೊಗ್ಗು. ಹಾಲಿನಲ್ಲಿ ಬಂಗಾರದ ಗೆರೆ ಬಿಡಿಸುವ ಕೇಸರಿ ಒಂದು ಪುಷ್ಪದ ಶಲಾಕಾಗ್ರ. ಊಟದ ಕೊನೆಯ ಬೀಡಾದೊಳಗೆ ಮಡಚಿ ಕುಳಿತ ಗುಲ್ಕನ್ ಗುಲಾಬಿಯ ಪಕಳೆ. ಹಬ್ಬದ ಎಲೆಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹೂವನ್ನೇ ತಿನ್ನುತ್ತಾ ಬಂದಿರುವ ಸಮಾಜ, ‘ತಿನ್ನುವ ಹೂವು’ ಎಂದೊಡನೆ ವಿದೇಶಿ ಹೋಟೆಲಿನ ಕೇಕಿನ ಅಲಂಕಾರವನ್ನು ಕಲ್ಪಿಸಿಕೊಳ್ಳುವುದು ವಿಚಿತ್ರವೇ ಸರಿ.

ಕೇಸರಿಯ ಲೆಕ್ಕವೊಂದೇ ಸಾಕು ಬೆರಗಾಗಲು. ಕಾಶ್ಮೀರದ ಪಾಂಪೋರ್‌ನ ಪ್ರಸ್ಥಭೂಮಿಯಲ್ಲಿ ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರಗಳಲ್ಲಿ ನೇರಳೆ ಹೂಗಳು ನೆಲದಿಂದಲೇ ಎದ್ದು ನಿಲ್ಲುತ್ತವೆ. ಪ್ರತಿ ಹೂವಿನಲ್ಲಿ ಮೂರೇ ಮೂರು ಕೆಂಪು ಎಳೆ. ಒಂದು ಕಿಲೋ ಕೇಸರಿಗೆ ಸುಮಾರು 1.5 ಲಕ್ಷ ಹೂಗಳು ಬೇಕು. ಎಲ್ಲವನ್ನೂ ಕೈಯಿಂದಲೇ ಬಿಡಿಸಬೇಕು. 2020ರಲ್ಲಿ ಜಿಐ ಮಾನ್ಯತೆ ಪಡೆದ ಈ ದ್ರವ್ಯದ ಸುವಾಸನೆ ಹೂವಿನಲ್ಲಿ ಸಿದ್ಧವಾಗಿ ಇರುವುದಿಲ್ಲ, ಎಳೆ ಒಣಗುವಾಗ ಹುಟ್ಟುತ್ತದೆ. ಬಣ್ಣ ನೀರಿನಲ್ಲಿ ಕರಗುವಂಥದ್ದು. ಆದ್ದರಿಂದಲೇ ಹಿರಿಯರು ಕೇಸರಿಯನ್ನು ನೇರವಾಗಿ ತುಪ್ಪಕ್ಕೆ ಹಾಕದೆ, ಮೊದಲು ಎರಡು ಚಮಚ ಬೆಚ್ಚಗಿನ ಹಾಲಿನಲ್ಲಿ ನೆನೆಸಿಡುತ್ತಾರೆ.

ಈ ಸಣ್ಣ ನೆನೆಸುವಿಕೆಯಲ್ಲಿ ಪುಷ್ಪಪಾಕದ ಇಡೀ ಶಾಸ್ತ್ರ ಅಡಗಿದೆ. ಉಳಿದ ಸಿಹಿಗಳು ಬೆಂಕಿಯ ವಿದ್ಯೆ: ಹುರಿದಷ್ಟೂ ಕಡಲೆಹಿಟ್ಟಿನ ಘಮ ಏರುತ್ತದೆ, ಕಾದಷ್ಟೂ ಹಾಲು ಖೋವಾ ಆಗುತ್ತದೆ, ಕುದಿದಷ್ಟೂ ಬೆಲ್ಲ ಪಾಕಕ್ಕೆ ಬರುತ್ತದೆ. ಹೂವಿನ ವಿಚಾರದಲ್ಲಿ ಎಲ್ಲವೂ ತಿರುವುಮುರುವು. ಪರಿಮಳವೆಂದರೆ ಹಾರಿಹೋಗುವ ತೈಲದ ಅಂಶ. ಕುದಿಯುವ ಬಾಣಲೆಯಿಂದ ಎದ್ದ ಘಮ ಮನೆಯನ್ನೆಲ್ಲ ತುಂಬಿದರೆ ಅದು ಸಿಹಿಯಿಂದ ಕಳೆದುಹೋಯಿತೆಂದೇ ಅರ್ಥ. ಹೂವಿನ ಸಿಹಿಯನ್ನು ಬಲ್ಲವರ ಕೌಶಲವೆಲ್ಲ ಒಲೆಯನ್ನು ಯಾವಾಗ ಆರಿಸಬೇಕು ಎಂಬುದರಲ್ಲಿದೆ. ಬಿಸಿಲು, ನೆರಳು, ರಾತ್ರಿಯ ತಂಪು, ಸಕ್ಕರೆಯ ಭರಣಿ, ಹೆಪ್ಪುಗಟ್ಟಿದ ತುಪ್ಪ ಇವೇ ಅವರ ಉಪಕರಣಗಳು. ನಮ್ಮ ಪೂರ್ವಿಕರು ಈ ಸೂಕ್ಷ್ಮವನ್ನು ಪ್ರಯೋಗಾಲಯಗಳಿಲ್ಲದ ಕಾಲದಲ್ಲೇ ಬಲ್ಲವರಾಗಿದ್ದರು ಎಂಬುದಕ್ಕೆ ಪುಷ್ಕಳ ಸಾಕ್ಷ್ಯಗಳಿವೆ.

ಅರಸರ ತಟ್ಟೆ, ಕವಿಗಳ ಪಾಕಶಾಲೆ

ಕನ್ನಡದ ನೆಲದಲ್ಲಿ ಸುಗಂಧ ಮತ್ತು ಆಹಾರ ಒಂದೇ ಗ್ರಂಥದ ಅಕ್ಕಪಕ್ಕದ ಅಧ್ಯಾಯಗಳಾಗಿದ್ದ ಕಾಲವೊಂದಿತ್ತು. ಕಲ್ಯಾಣ ಚಾಲುಕ್ಯರ ಆಸ್ಥಾನದ ಇಮ್ಮಡಿ ಚಾವುಂಡರಾಯ ಸುಮಾರು 1025ರಲ್ಲಿ ರಚಿಸಿದ ‘ಲೋಕೋಪಕಾರ’ ಸಾಮಾನ್ಯ ಜನಜೀವನಕ್ಕೆ ಬೇಕಾದ ವಿದ್ಯೆಗಳ ಕೋಶ. ವಾಸ್ತು, ಅಂತರ್ಜಲ ಶೋಧ, ವೃಕ್ಷಾಯುರ್ವೇದಗಳ ನಡುವೆ ಅದರಲ್ಲಿ ಸುಗಂಧದ್ರವ್ಯಗಳಿಗೂ ಸೂಪಶಾಸ್ತ್ರಕ್ಕೂ ಪ್ರತ್ಯೇಕ ಸ್ಥಾನವಿದೆ. ಶತಮಾನದ ಬಳಿಕ ಅದೇ ವಂಶದ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಸನ ಭೋಗಗಳ ವಿವರ ಬರುತ್ತದೆ, ಕುಡಿಯುವ ನೀರನ್ನು ಕೂಡ ಪಾದರಿ, ನೈದಿಲೆ, ಸಂಪಿಗೆಗಳಿಂದ ವಾಸಿತಗೊಳಿಸುವ ಸಂಸ್ಕಾರವನ್ನು ಅವನು ಬಲ್ಲ. ನೀರಿಗೇ ಇಷ್ಟು ಉಪಚಾರವಾದರೆ ಪಾಯಸಕ್ಕೆ ಎಷ್ಟಿರಬೇಡ! ಗಮನಿಸಬೇಕಾದ ಅಂಶವೆಂದರೆ, ಹೂವನ್ನು ಕುದಿಸುವ ಮಾತು ಅಲ್ಲಿಲ್ಲ. ತಣ್ಣೀರಿಗೆ ಹೂವಿನ ಸಹವಾಸ ಮಾಡಿಸುವುದೇ ವಿಧಾನ.

16ನೇ ಶತಮಾನದ ಆದಿಭಾಗಕ್ಕೆ ಬಂದರೆ ಕಲ್ಲಹಳ್ಳಿಯ ಅರಸ, ಜೈನ ಕವಿ ಮೂರನೆಯ ಮಂಗರಸ ಅಡುಗೆಯನ್ನೇ ಕಾವ್ಯವಸ್ತುವಾಗಿಸಿ ವಾರ್ಧಕ ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವನ್ನು ಕಟ್ಟಿದ. ಹಿಟ್ಟಿನ ಭಕ್ಷ್ಯಗಳಿಂದ ಪಾನಕಗಳವರೆಗೆ, ಬದನೆಯ ನಾನಾ ರೂಪಗಳವರೆಗೆ ಹಬ್ಬಿದ ಆ ಕೃತಿ ರುಚಿಯನ್ನು ಬಣ್ಣಿಸುವಷ್ಟೇ ಮನಸ್ಸಿಟ್ಟು ಪರಿಮಳವನ್ನೂ ಬಣ್ಣಿಸುತ್ತದೆ. ಇಂಥದೊಂದು ಪಾಕಕಾವ್ಯ ತನ್ನದೆಂದು ಹೇಳಿಕೊಳ್ಳಬಲ್ಲ ಭಾಷೆಗಳು ಹೆಚ್ಚಿಲ್ಲ.

ಹೆಚ್ಚುಕಡಿಮೆ ಅದೇ ವೇಳೆಗೆ ಮಾಳವದ ಮಾಂಡುವಿನಲ್ಲಿ ಸುಲ್ತಾನ ಘಿಯಾತ್ ಶಾಹ ತನ್ನ ರಸನಾಸುಖವನ್ನು ‘ನಿಮತ್‌ನಾಮಾ’ ಎಂಬ ಸಚಿತ್ರ ಪರ್ಷಿಯನ್ ಹೊತ್ತಗೆಯಾಗಿ ಬರೆಸುತ್ತಿದ್ದ. ಪನ್ನೀರು, ಕರ್ಪೂರ, ಕಸ್ತೂರಿಗಳಿಲ್ಲದ ಪುಟ ಅದರಲ್ಲಿ ಅಪರೂಪ. ದೊಡ್ಡ ಮೀಸೆಯ ಸುಲ್ತಾನ ತಾನೇ ನಿಂತು ಅಡುಗೆಯ ಉಸ್ತುವಾರಿ ನೋಡುವ ಚಿತ್ರಗಳು ಮನೋಹರ. ಈ ಗ್ರಂಥದ ಪ್ರಯಾಣ ಕನ್ನಡಿಗರಿಗೆ ಕುತೂಹಲ ಹುಟ್ಟಿಸುವಂಥದ್ದು. ಅದು ಕಾಲಾಂತರದಲ್ಲಿ ಟಿಪ್ಪು ಸುಲ್ತಾನನ ಗ್ರಂಥಭಂಡಾರ ಸೇರಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ವಶವಾಗಿ ಹಡಗೇರಿತು. ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ವಿಜಯಪುರದ ಆದಿಲ್‌ಶಾಹಿಗಳು ಇನ್ನೂ ಒಂದು ಹೆಜ್ಜೆ ಮುಂದೆ. ಸಂಗೀತ, ಚಿತ್ರಕಲೆಗಳ ಆರಾಧಕನಾದ ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹನಿಗಾಗಿ ಸುಗಂಧವನ್ನೇ ವಿಷಯವಾಗಿಸಿಕೊಂಡ ‘ಇತ್ರ್-ಇ-ನೌರಸ್ ಶಾಹಿ’ ಎಂಬ ಪರ್ಷಿಯನ್ ಗ್ರಂಥ ರಚನೆಯಾಯಿತು. ಉತ್ತರದಲ್ಲಿ ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಗುಲಾಬಿ ಅತ್ತರಿನ ಶೋಧದ ಕೀರ್ತಿಯನ್ನು ಅತ್ತೆಗೆ, ಅಂದರೆ ನೂರ್‌ಜಹಾನಳ ತಾಯಿ ಅಸ್ಮತ್ ಬೇಗಂಗೆ ಸಲ್ಲಿಸುತ್ತಾನೆ: ಬಿಸಿ ಪನ್ನೀರನ್ನು ಪಾತ್ರೆಗೆ ಸುರಿದಾಗ ಮೇಲೆ ತೇಲಿದ ತೆಳುಪೊರೆಯನ್ನು ಆಕೆ ಜೋಪಾನವಾಗಿ ಸಂಗ್ರಹಿಸಿದಳಂತೆ. ಚಕ್ರವರ್ತಿಯೊಬ್ಬ ಅತ್ತೆಯ ಕೈಚಳಕವನ್ನು ಇತಿಹಾಸಕ್ಕೆ ಸೇರಿಸಿದ ಈ ಪ್ರಸಂಗ, ಸುಗಂಧದ ದೊಡ್ಡ ಶೋಧವೊಂದಕ್ಕೆ ಮನೆಯ ಹೆಂಗಸೊಬ್ಬಳ ಕಣ್ಣು ಸಾಕಾಯಿತು ಎಂಬುದನ್ನೂ ದಾಖಲಿಸಿದೆ. ಪನ್ನೀರು, ಕೇದಗೆಗಳ ಆ ದರಬಾರಿ ಪರಂಪರೆ ಬೀದರ್, ಕಲಬುರಗಿಗಳ ಮದುವೆಮನೆಯ ಮೀಠಾಗಳಲ್ಲಿ ಈಗಲೂ ಜೀವಂತ.

ಬಿಸಿಲಲ್ಲಿ ಬೆಂದ ಗುಲಾಬಿ

ಹೂವಿನ ಸಿಹಿಗಳ ಸಾಮ್ರಾಜ್ಯದಲ್ಲಿ ಪಟ್ಟದ ಸ್ಥಾನ ಗುಲ್ಕನ್‌ಗೇ. ಎರಡೇ ಪದಾರ್ಥ, ಬೆಂಕಿಯಿಲ್ಲ, ನೀರಿಲ್ಲ, ಸೂರ್ಯನೇ ಬಾಣಸಿಗ. ರಾಜಸ್ಥಾನದ ಪುಷ್ಕರ ಗುಲಾಬಿಯ ದೊಡ್ಡ ಕೇಂದ್ರ. ಹಲ್ದೀಘಾಟಿಯ ಸುತ್ತಮುತ್ತ ಚೈತ್ರದಲ್ಲಿ ಅರಳುವ ‘ಚೈತ್ರಿ’ ಗುಲಾಬಿಯಿಂದ ಗುಲ್ಕನ್, ಪನ್ನೀರು ಮಾಡುವ ಮನೆತನಗಳೇ ಇವೆ. ನಮ್ಮಲ್ಲಿ ಇದಕ್ಕೆ ತಕ್ಕದ್ದು ಹಳೆಯ ಮನೆಗಳ ಹಿತ್ತಲಲ್ಲಿ ಬೆಳೆಯುವ ಪನ್ನೀರು ಗುಲಾಬಿ: ತಿಳಿಗುಲಾಬಿ ಬಣ್ಣ, ಸಡಿಲವಾದ ಪಕಳೆಗಳು, ನೋಡಲು ಅಷ್ಟೇನೂ ಠೀವಿಯಿಲ್ಲ, ಮುಡಿದರೆ ಮಧ್ಯಾಹ್ನದೊಳಗೆ ಉದುರುತ್ತದೆ, ಪರಿಮಳದಲ್ಲಿ ಮಾತ್ರ ಅದಕ್ಕೆ ಸಾಟಿಯಿಲ್ಲ.

ಕೊಯ್ಲು ಬೆಳಗಿನ ಜಾವದಲ್ಲಿ ಆಗಬೇಕು. ಬಿಸಿಲೇರಿದಂತೆ ಪಕಳೆಯ ತೈಲಾಂಶ ಆರುತ್ತಾ ಹೋಗುವುದರಿಂದ ಇರಾನಿನ ಕಾಶಾನ್‌ನಲ್ಲಾಗಲಿ ಬಲ್ಗೇರಿಯಾದ ಕಜಾನ್ಲಾಕ್ ಕಣಿವೆಯಲ್ಲಾಗಲಿ ಗುಲಾಬಿ ಬಿಡಿಸುವವರು ಸೂರ್ಯನಿಗಿಂತ ಮೊದಲೇ ತೋಟದಲ್ಲಿರುತ್ತಾರೆ. ಪಕಳೆಗಳನ್ನು ಬಿಡಿಸಿ, ಬುಡದ ಬಿಳಿ ಭಾಗವನ್ನು ಚಿವುಟಿ ತೆಗೆಯಬೇಕು. ಕಹಿ ಇರುವುದು ಅಲ್ಲೇ. ಒಮ್ಮೆ ತಣ್ಣೀರಿನಲ್ಲಿ ಜಾಲಿಸಿ ಹತ್ತಿಬಟ್ಟೆಯ ಮೇಲೆ ನೆರಳಲ್ಲಿ ಹರಡಿ, ತೇವ ಪೂರ್ತಿ ಆರುವವರೆಗೆ ಕಾಯಬೇಕು. ಇಲ್ಲಿ ಅವಸರ ಮಾಡಿದರೆ ಭರಣಿಯಲ್ಲಿ ಬೂಸಲು ಹಿಡಿಯುವುದು ಖಚಿತ. ಪಕಳೆಯ ತೂಕದಷ್ಟೇ, ಬೇಕಾದರೆ ಅದರ ಒಂದೂವರೆ ಪಟ್ಟು ಕಲ್ಲುಸಕ್ಕರೆಯನ್ನು ತರಿತರಿಯಾಗಿ ಕುಟ್ಟಿ, ಗಾಜಿನ ಭರಣಿಯಲ್ಲಿ ಒಂದು ಪದರ ಪಕಳೆ, ಒಂದು ಪದರ ಸಕ್ಕರೆಯಂತೆ ತುಂಬುತ್ತಾ ಬರಬೇಕು. ಮೇಲ್ಪದರ ಸಕ್ಕರೆಯದೇ ಆಗಿರಲಿ. ಬಾಯಿಗೆ ತೆಳುಬಟ್ಟೆ ಕಟ್ಟಿ ದಿನಕ್ಕೆ ಐದಾರು ಗಂಟೆ ಬಿಸಿಲಿಗಿಟ್ಟು, ದಿನವೂ ಒಣ ಮರದ ಸೌಟಿನಿಂದ ಒಮ್ಮೆ ತಿರುವಿದರೆ ಮೂರು ನಾಲ್ಕು ವಾರಗಳಲ್ಲಿ ಪಕಳೆ ತನ್ನ ಗುಲಾಬಿ ಬಣ್ಣ ಕಳೆದು, ಕಂದುಗೆಂಪಿನ ಹೊಳಪು ತಾಳಿ, ಸಕ್ಕರೆಯಲ್ಲಿ ಲೀನವಾಗುತ್ತದೆ. ಏಲಕ್ಕಿ, ಸೋಂಪು ಸೇರಿಸುವವರು ಕೊನೆಯ ದಿನ ಸೇರಿಸಬಹುದು. ನನ್ನ ಕೇಳಿದರೆ, ಒಳ್ಳೆಯ ಗುಲಾಬಿ ಸಿಕ್ಕಾಗ ಎರಡೂ ಬೇಡ.

ಭರಣಿಯೊಳಗೆ ನಡೆಯುವುದು ಸರಳವಾದರೂ ಸೊಗಸಾದ ವಿದ್ಯಮಾನ. ಸಕ್ಕರೆ ಪಕಳೆಯ ಕೋಶಗಳೊಳಗಿನ ನೀರನ್ನು ಹೊರಗೆಳೆಯುತ್ತದೆ. ಆ ನೀರಿನಲ್ಲೇ ತಾನು ಕರಗಿ ಪಾಕವಾಗುತ್ತದೆ. ಸೂಕ್ಷ್ಮಜೀವಿಗಳಿಗೆ ಬೇಕಾದ ತೇವ ಉಳಿಯದಷ್ಟು ಸಾಂದ್ರವಾದ ಆ ಪಾಕ ಗುಲ್ಕನ್ನನ್ನು ವರ್ಷಗಟ್ಟಲೆ ಕಾಪಾಡುತ್ತದೆ. ಬಿಸಿಲಿನ ಹಿತವಾದ ಶಾಖ ಪರಿಮಳವನ್ನು ಓಡಿಸದೆ ಕರಗುವಿಕೆಯನ್ನಷ್ಟೇ ಚುರುಕುಗೊಳಿಸುತ್ತದೆ. ಆಯುರ್ವೇದ ಇದನ್ನು ಪಿತ್ತಶಾಮಕವೆಂದು ಎಣಿಸಿ, ಬೇಸಿಗೆಯ ತಂಪಿಗಾಗಿ ವಿಧಿಸುತ್ತಾ ಬಂದಿದೆ. ಅಂಗಡಿಯ ಗುಲ್ಕನ್ ಹೊಸ ಪಕಳೆಯಂತೆ ಕಣ್ಣು ಕೋರೈಸುವ ಗುಲಾಬಿ ಬಣ್ಣದಲ್ಲಿದ್ದರೆ ಅನುಮಾನಿಸುವುದು ಒಳ್ಳೆಯದು. ಬಿಸಿಲು ಕಂಡ ಪಕಳೆಗೆ ಆ ಬಣ್ಣ ಉಳಿಯುವುದಿಲ್ಲ.

ಸಿದ್ಧವಾದ ಗುಲ್ಕನ್ನಿಂದ ಮಾಡಬಹುದಾದ ಸಿಹಿಗಳಿಗೆ ಲೆಕ್ಕವಿಲ್ಲ. ಬೆಂಗಳೂರಿನ ವಿಶ್ವೇಶ್ವರಪುರದ ತಿಂಡಿ ಬೀದಿಯಲ್ಲಿ ಬೆಣ್ಣೆಯ ಜೊತೆ ಗುಲ್ಕನ್ ಬೆರೆಸಿ ಕೊಡುವುದನ್ನು ಮೊದಲ ಬಾರಿ ಕಂಡವರು ಹುಬ್ಬೇರಿಸುತ್ತಾರೆ, ಎರಡನೇ ಬಾರಿ ಹುಡುಕಿಕೊಂಡು ಹೋಗುತ್ತಾರೆ. ಅದರ ಹಿಂದಿನ ತರ್ಕ ಸ್ಪಷ್ಟ. ಕೊಬ್ಬಿಗೆ ಪರಿಮಳವನ್ನು ಹಿಡಿದಿಡುವ ಶಕ್ತಿಯಿದೆ, ತಣ್ಣನೆಯ ಬೆಣ್ಣೆ ಅದನ್ನು ನಾಲಗೆಯ ಮೇಲೆ ನಿಧಾನವಾಗಿ ಬಿಡುತ್ತದೆ. ಮನೆಯಲ್ಲಿ ಮಾಡಲು ಸುಲಭವಾದದ್ದು ಕೊಬ್ಬರಿ ಉಂಡೆ. ಕೊಬ್ಬರಿ ತುರಿಯನ್ನು ತುಪ್ಪದಲ್ಲಿ ಬಣ್ಣ ತಿರುಗದಂತೆ ಬೆಚ್ಚಗಾಗಿಸಿ, ಹಾಲು ಮತ್ತು ಸ್ವಲ್ಪವೇ ಸಕ್ಕರೆ ಸೇರಿಸಿ ಮುದ್ದೆಯಾಗುವವರೆಗೆ ಮೊಗಚಿ ಇಳಿಸಬೇಕು. ಪೂರ್ತಿ ಆರಿದ ಮೇಲೆ ಅಂಗೈಯಲ್ಲಿ ತಟ್ಟಿ, ನಡುವೆ ಅರ್ಧ ಚಮಚ ಗುಲ್ಕನ್ ಇಟ್ಟು ಉಂಡೆ ಕಟ್ಟಬೇಕು. ಖೋವಾ ಪೇಡದ ಹೊಟ್ಟೆಯಲ್ಲೂ ಇದೇ ರೀತಿ ತುಂಬಬಹುದು. ಗುಲ್ಕನ್ ಹೋಳಿಗೆಯನ್ನು ಹೊಗಳುವವರಿದ್ದಾರೆ; ಆದರೆ ಕಾವಲಿಯ ಬಿಸಿಗೆ ಹೂರಣದ ಸಕ್ಕರೆ ಕರಗಿ ಕಣಕ ಒಡೆಯುತ್ತದೆ, ಒಡೆಯದಿದ್ದರೂ ಪರಿಮಳ ಕಾವಲಿಯ ಪಾಲಾಗುತ್ತದೆ. ತಿಂಗಳ ಬಿಸಿಲಿನ ಶ್ರಮವನ್ನು ಎರಡು ನಿಮಿಷದ ಉರಿಗೆ ಕೊಡುವುದು ದುಂದಲ್ಲದೆ ಮತ್ತೇನು?

ಪನ್ನೀರಿನದು ಬೇರೆಯೇ ಕಥೆ. ಕನೌಜಿನ ಕುಶಲಿಗರು ತಾಮ್ರದ ಹಂಡೆಯಲ್ಲಿ ಹೂವನ್ನೂ ನೀರನ್ನೂ ಕಾಯಿಸಿ, ಬಿದಿರ ಕೊಳವೆಯ ಮೂಲಕ ಆವಿಯನ್ನು ನೀರಿನಲ್ಲಿ ಮುಳುಗಿಸಿದ ಪಾತ್ರೆಗೆ ಇಳಿಸಿ ತಣಿಸುತ್ತಾರೆ. ಓಡಿಹೋಗುವ ಘಮವನ್ನು ಬಾಗಿಲಲ್ಲೇ ಹಿಡಿಯುವ ಉಪಾಯವದು. ಒಂದು ಕಿಲೋ ಗುಲಾಬಿ ತೈಲಕ್ಕೆ 3ರಿಂದ 4 ಟನ್ ಪಕಳೆ ಬೇಕಾಗುತ್ತದೆ. ತೈಲ ದುಬಾರಿ, ಪನ್ನೀರು ಅಗ್ಗ. ಆದರೂ ಪನ್ನೀರು ಬಡವಲ್ಲ. ಗುಲಾಬಿಯ ಸುವಾಸನೆಯ ಮುಖ್ಯ ಅಂಶಗಳಲ್ಲಿ ಒಂದಾದ ಫಿನೈಲ್ ಈಥೈಲ್ ಆಲ್ಕೋಹಾಲ್ ನೀರಿನಲ್ಲಿ ಚೆನ್ನಾಗಿ ಕರಗುವುದರಿಂದ ಅದರ ಬಹುಪಾಲು ಪನ್ನೀರಿನಲ್ಲೇ ಉಳಿಯುತ್ತದೆ. ಶ್ಯಾವಿಗೆ ಪಾಯಸ ಇಳಿಸಿ, ಉಗುರುಬೆಚ್ಚಗಾದ ಮೇಲೆ ಒಂದೆರಡು ಚಮಚ ಬೆರೆಸಿದರೆ ಸಾಕು. ಕುದಿಯುವಾಗ ಅರ್ಧ ಬಾಟಲಿ ಸುರಿದರೂ ಆ ಫಲ ಸಿಗದು.

ಕೇದಗೆಯ ಸಕ್ಕರೆ, ಮಲ್ಲಿಗೆಯ ರಾತ್ರಿ

ಶ್ರಾವಣ, ಭಾದ್ರಪದಗಳಲ್ಲಿ ಕರಾವಳಿಯ ತೋಡುಗಳ ಅಂಚಿನಲ್ಲಿ ಮುಳ್ಳಿನ ಪೊದೆಯೊಳಗಿಂದ ಇಣುಕುವ ಕೇದಗೆ ನಮ್ಮ ಹೂಗಳಲ್ಲೇ ಅತ್ಯಂತ ಗಂಭೀರವಾದದ್ದು. ಜಡೆಗೆ ಮುಡಿಯುತ್ತೇವೆ, ನಾಗನಿಗೆ ಅರ್ಪಿಸುತ್ತೇವೆ, ರೇಷ್ಮೆ ಸೀರೆಗಳ ಪೆಟ್ಟಿಗೆಯಲ್ಲಿ ಇಡುತ್ತೇವೆ. ಅಡುಗೆಮನೆಗೆ ಮಾತ್ರ ಅಪರೂಪಕ್ಕೆ ಕರೆಯುತ್ತೇವೆ. ಸುಗಂಧ ಇರುವುದು ಗಂಡು ಹೂಗೊಂಚಲನ್ನು ಆವರಿಸಿದ ಕೆನೆಬಣ್ಣದ ಎಸಳುಗಳಲ್ಲಿ. ಒಡಿಶಾದ ಗಂಜಾಂ ಜಿಲ್ಲೆ ಇದರ ರಾಜಧಾನಿ. ಅಲ್ಲಿನ ಕೇದಗೆಗೆ ಜಿಐ ಮಾನ್ಯತೆಯಿದೆ, ದೇಶದ ರಸಗುಲ್ಲ, ಬಿರಿಯಾನಿಗಳಿಗೆ ಸೇರುವ ‘ಕೇವ್ಡಾ’ ನೀರಿನ ಬಹುಪಾಲು ಅಲ್ಲಿಂದಲೇ ಬರುತ್ತದೆ.

ಬಟ್ಟಿ ಇಳಿಸುವ ಹಂಡೆ ಇಲ್ಲದ ಮನೆಗೂ ಕೇದಗೆ ಒಲಿಯುತ್ತದೆ. ಎಸಳಿನ ಅಂಚಿನ ಸಣ್ಣ ಮುಳ್ಳುಗಳನ್ನು ಕತ್ತರಿಯಿಂದ ಸವರಿ, ಒಣಬಟ್ಟೆಯಿಂದ ಒರೆಸಿ, ಸಕ್ಕರೆಯ ಡಬ್ಬಿಯಲ್ಲಿ ಹೂತಿಟ್ಟು ಬಿಗಿಯಾಗಿ ಮುಚ್ಚಬೇಕು. ವಾರ ಕಳೆದು ತೆರೆದಾಗ ಸಕ್ಕರೆಯೇ ಹೂವಾಗಿರುತ್ತದೆ. ಅದನ್ನು ಪುಡಿ ಮಾಡಿ ಚಿರೋಟಿಯ ಮೇಲೆ ಉದುರಿಸಿ ಬಾದಾಮಿ ಹಾಲು ಎರೆದರೆ, ನಿತ್ಯದ ಚಿರೋಟಿ ಗುರುತು ಸಿಗದಷ್ಟು ರಾಜಗಾಂಭೀರ್ಯ ತಾಳುತ್ತದೆ. ಏಲಕ್ಕಿಯನ್ನು ಆ ದಿನ ದೂರವಿಡುವುದು ಕ್ಷೇಮ. ಕೇದಗೆ ಸಹವಾಸ ಸಹಿಸುವ ಹೂವಲ್ಲ.

ಮಲ್ಲಿಗೆಯ ಸ್ವಭಾವ ತದ್ವಿರುದ್ಧ. ಕೊಯ್ದ ಗುಲಾಬಿ ಆ ಕ್ಷಣದಿಂದ ಪರಿಮಳ ಕಳೆದುಕೊಳ್ಳುತ್ತಾ ಹೋದರೆ, ಸಂಜೆ ಕೊಯ್ದ ಮಲ್ಲಿಗೆ ಮೊಗ್ಗು ರಾತ್ರಿಯಿಡೀ ಅರಳುತ್ತಾ ಹೊಸ ಪರಿಮಳವನ್ನು ಸೂಸುತ್ತದೆ. ಮೈಸೂರು, ಹಡಗಲಿ, ಉಡುಪಿ ಹೀಗೆ ಜಿಐ ಮಾನ್ಯತೆಯ ಮೂರು ಮಲ್ಲಿಗೆಗಳನ್ನು ಹೊಂದಿದ ಕರ್ನಾಟಕ ಅವನ್ನು ಮುಡಿಯುವುದಕ್ಕಷ್ಟೇ ಮೀಸಲಿಟ್ಟಿದೆ. ಥಾಯ್ಲೆಂಡಿನ ಮನೆಗಳಲ್ಲಿ ರಾತ್ರಿ ನೀರಿನ ಮೇಲೆ ಮಲ್ಲಿಗೆ ತೇಲಿಬಿಟ್ಟು ಮುಚ್ಚಿಟ್ಟು, ಬೆಳಗ್ಗೆ ಹೂ ತೆಗೆದು ಆ ನೀರಿನಿಂದಲೇ ಸಕ್ಕರೆ ಪಾಕ ಮಾಡಿ ತೆಂಗಿನ ಹಾಲಿನ ಸಿಹಿಗಳಿಗೆ ಬಳಸುವ ಪದ್ಧತಿಯಿದೆ. ಸೋಮೇಶ್ವರನ ವಾಸಿತ ನೀರಿಗೂ ಇದಕ್ಕೂ ಎಷ್ಟು ಹತ್ತಿರದ ನೆಂಟಸ್ತನ! ನಮ್ಮ ಕಾಯಿಹಾಲಿಗೂ ಈ ಉಪಚಾರ ಸೊಗಸಾಗಿ ಹೊಂದುತ್ತದೆ. ಮಲ್ಲಿಗೆಯನ್ನು ತಿನ್ನಬೇಕಿಲ್ಲ, ಅದರ ಉಸಿರಷ್ಟೇ ಸಾಕು. ಇದೇ ಕ್ರಮದಲ್ಲಿ ತುಪ್ಪವನ್ನೂ ವಾಸಿತಗೊಳಿಸಬಹುದು: ಗಟ್ಟಿಯಾದ ತುಪ್ಪದ ಮೇಲೆ ತೆಳುಬಟ್ಟೆ ಹಾಸಿ ಮೊಗ್ಗು ಹರಡಿ ರಾತ್ರಿ ಮುಚ್ಚಿಟ್ಟರೆ, ಬೆಳಗ್ಗೆ ಹಲ್ವ ಇಳಿಸಿದ ಮೇಲೆ ಹಾಕುವ ಕೊನೆಯ ಚಮಚ ಸಿದ್ಧ.

ಬಣ್ಣಗಳ ಮಾಯೆ

ಪರಿಮಳವಿಲ್ಲದ ಹೂಗಳೂ ಈ ಲೋಕದಲ್ಲಿ ನಿರರ್ಥಕವಲ್ಲ. ಹಿತ್ತಲಿನ ಐದೆಸಳಿನ ಕೆಂಪು ದಾಸವಾಳದ ತೊಟ್ಟು, ಕೇಸರಗಳನ್ನು ತೆಗೆದು, ಒಲೆಯಿಂದ ಇಳಿಸಿದ ಬಿಸಿನೀರಿನಲ್ಲಿ ಎಸಳುಗಳನ್ನು ಹತ್ತು ನಿಮಿಷ ಬಿಟ್ಟರೆ ನೀರು ಮಂಕಾದ ನೇರಳೆಗೆ ತಿರುಗುತ್ತದೆ. ಇಷ್ಟೇನಾ ಎಂದು ನಿರಾಸೆಗೊಳ್ಳುವಷ್ಟರಲ್ಲಿ ನಿಂಬೆರಸದ ನಾಲ್ಕು ಹನಿ ಬಿದ್ದರೆ ಮಾಣಿಕ್ಯದ ಕೆಂಪು ಚಿಮ್ಮುತ್ತದೆ. ಆಂಥೋಸಯನಿನ್ ಎಂಬ ವರ್ಣದ್ರವ್ಯ ಹುಳಿಯಲ್ಲಿ ಕೆಂಪಾಗಿ, ಹುಳಿಯಿಲ್ಲದೆಡೆ ನೀಲಿ ನೇರಳೆಯತ್ತ ವಾಲುವುದೇ ಇದಕ್ಕೆ ಕಾರಣ; ಮಕ್ಕಳಿಗೆ ರಸಾಯನಶಾಸ್ತ್ರದ ಮೊದಲ ಪಾಠ ಹೇಳಲು ಇದಕ್ಕಿಂತ ರುಚಿಯಾದ ಪ್ರಯೋಗ ಇರಲಾರದು. ಈ ಸ್ವಭಾವ ಅರಿಯದೆ ದಾಸವಾಳದ ರಸವನ್ನು ಹಾಲಿನ ಬರ್ಫಿಗೆ ಬೆರೆಸಿದರೆ ಬೂದಿ ಬಣ್ಣದ ಸಿಹಿ ಸಿಕ್ಕೀತು. ಬೂದುಗುಂಬಳದ ಕಾಶಿ ಹಲ್ವಕ್ಕೆ ಅದು ಹೇಳಿ ಮಾಡಿಸಿದ ಬಣ್ಣ: ಹಲ್ವ ತಳ ಬಿಡುವ ಹಂತದಲ್ಲಿ ನಿಂಬೆ ಹಿಂಡಿದ ದಾಸವಾಳದ ರಸ ಸೇರಿಸಿ ಎರಡು ಸುತ್ತು ಮೊಗಚಿ ಇಳಿಸಿದರೆ ತಿಳಿಗೆಂಪಿನ, ಲಘು ಹುಳಿಯ ಹಲ್ವ ಸಿದ್ಧ. ಹೆಚ್ಚು ಹೊತ್ತು ಕಾಯಿಸಿದರೆ ಈ ಬಣ್ಣವೂ ಮಾಸುತ್ತದೆ.

ಹಾಲಿಗೆ ಬೇಕಾದದ್ದು ಶಂಖಪುಷ್ಪ. ಬೇಲಿಯ ಮೇಲೆ ಹಬ್ಬುವ ಈ ನೀಲಿ ಹೂವಿನ ವರ್ಣ ಹಾಲಿನಲ್ಲೂ ನೀಲಿಯಾಗಿಯೇ ನಿಲ್ಲುತ್ತದೆ. ಮಲೇಷ್ಯಾದ ಕೆಲಾಂಟನ್‌ನಲ್ಲಿ ಅನ್ನವನ್ನೇ ಇದರಿಂದ ನೀಲಿಯಾಗಿಸುತ್ತಾರೆ. ನಮ್ಮ ಕೊಬ್ಬರಿ ಮಿಠಾಯಿ, ಅಕ್ಕಿ ಪಾಯಸಗಳು ಇದರಿಂದ ಶರತ್ಕಾಲದ ಆಕಾಶವನ್ನು ಬಟ್ಟಲಿಗೆ ಇಳಿಸುತ್ತವೆ. ಪಾರಿಜಾತದ ಕಿತ್ತಳೆ ತೊಟ್ಟಿನಲ್ಲಿರುವುದು ಕೇಸರಿಯ ವರ್ಣದ್ರವ್ಯದ ಹತ್ತಿರದ ಬಂಧು. ಅದನ್ನು ಹಿಂದೆ ರೇಷ್ಮೆಗೆ ಬಣ್ಣ ಕಟ್ಟಲು ಬಳಸುತ್ತಿದ್ದರು. ಉತ್ತರ ಕರ್ನಾಟಕದವರಿಗೆ ಪುಂಡಿಯೆಂದರೆ ಜೋಳದ ರೊಟ್ಟಿಯ ಜೊತೆಗಿನ ಪಲ್ಯ. ಅದರ ಬಳಗದ ಕೆಂಪು ಪುಂಡಿಯ ಹೂ ಉದುರಿದ ಮೇಲೆ ಉಬ್ಬುವ ಪುಷ್ಪಪಾತ್ರೆ ಈಜಿಪ್ಟ್, ಸುಡಾನ್, ಮೆಕ್ಸಿಕೋಗಳಲ್ಲಿ ರಾಷ್ಟ್ರೀಯ ಪಾನೀಯವೇ ಆಗಿದೆ. ನಡುವಿನ ಬೀಜಕೋಶ ತೆಗೆದು, ಮುಳುಗುವಷ್ಟು ನೀರಲ್ಲಿ ಬೇಯಿಸಿ, ಸಮತೂಕದ ಸಕ್ಕರೆ ಹಾಕಿದರೆ ತನ್ನೊಳಗಿನ ಪೆಕ್ಟಿನ್‌ನಿಂದಲೇ ಗಟ್ಟಿಯಾಗುವ ಜಾಮ್ ತಯಾರು. ಬೆಂಕಿಗೆ ಅಂಜದ ಏಕೈಕ ಹೂವಿನ ಸಿಹಿ ಇದೆಂದರೂ ಸಲ್ಲುತ್ತದೆ, ಏಕೆಂದರೆ ಇದರ ಬಲ ಪರಿಮಳದಲ್ಲಿಲ್ಲ, ಹುಳಿಯಲ್ಲಿದೆ.

ಈ ಸಹಜ ವರ್ಣಗಳಿಗೆ ಈಗ ಹೊಸ ಮಹತ್ವ ಬಂದಿದೆ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಬಾಂಬೆ ಮಿಠಾಯಿ ಹಾಗೂ ಗೋಬಿ ಮಂಚೂರಿಗಳಲ್ಲಿ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಿದಾಗ ರೋಡಮಿನ್-ಬಿ ಎಂಬ ಬಟ್ಟೆಯ ಬಣ್ಣದ ಹೆಸರು ಮನೆಮಾತಾಯಿತು. ಜಾತ್ರೆಯ ಮಿಠಾಯಿಯ ಕಣ್ಣುಕುಕ್ಕುವ ಗುಲಾಬಿ ಬಣ್ಣಕ್ಕೂ ಗುಲಾಬಿ ಹೂವಿಗೂ ಯಾವ ಸಂಬಂಧವೂ ಇರಲಿಲ್ಲವೆಂಬುದು ಆಗ ಅನೇಕರಿಗೆ ಹೊಳೆಯಿತು.

ಬಣ್ಣವನ್ನೂ ಪರಿಮಳವನ್ನೂ ಬದಿಗಿಟ್ಟು, ಸಿಹಿಯನ್ನೇ ಹೊತ್ತು ಬರುವ ಹೂವೊಂದಿದೆ. ಹಿಪ್ಪೆಯ ಮಾಂಸಲ ಹೂಗಳು ಮಾರ್ಚ್, ಏಪ್ರಿಲ್‌ಗಳಲ್ಲಿ ನಸುಕಿನಲ್ಲಿ ಟಪಟಪನೆ ನೆಲಕ್ಕುದುರುತ್ತವೆ. ಒಣಗಿದ ಹೂವಿನ ತೂಕದ ಅರ್ಧಕ್ಕೂ ಹೆಚ್ಚು ಪಾಲು ಸಕ್ಕರೆಯೇ. ಛತ್ತೀಸಗಢದ ಬಸ್ತರ್, ಜಶ್‌ಪುರಗಳ ಆದಿವಾಸಿ ಮಹಿಳೆಯರು ಅದನ್ನು ಹುರಿದು, ಎಳ್ಳಿನೊಂದಿಗೆ ಕುಟ್ಟಿ ಕಟ್ಟುವ ಉಂಡೆಗೆ ಬೆಲ್ಲದ ಹಂಗೂ ಹೆಚ್ಚಾಗಿ ಬೇಕಿಲ್ಲ. ಕರ್ನಾಟಕದ ಹಳೆಯ ಸಾಲುಮರಗಳಲ್ಲಿ ಹಿಪ್ಪೆಗೆ ಕೊರತೆಯಿಲ್ಲ. ಬೀಜದ ಎಣ್ಣೆ ದೇವರ ದೀಪಕ್ಕೆ ಸಂದಿತು, ಹೂವಿನ ಸಿಹಿಯನ್ನು ಮಾತ್ರ ಕರಡಿ, ಬಾವಲಿಗಳಿಗೆ ಬಿಟ್ಟುಕೊಟ್ಟೆವು.

ಪೂಜೆಗೆ ಸಲ್ಲುವುದೆಲ್ಲ ಪಾಕಕ್ಕೆ ಸಲ್ಲದು

ಉತ್ಸಾಹದ ನಡುವೆ ಒಂದು ಕಟ್ಟುನಿಟ್ಟಿನ ಮಾತು ಅಗತ್ಯ. ಕಣಗಿಲೆ, ಹಳದಿ ಕಣಗಿಲೆ, ಎಕ್ಕ, ಉಮ್ಮತ್ತಿ, ನಿತ್ಯಪುಷ್ಪ ಇವು ದೇವರ ಮುಡಿಗೆ ಏರಬಹುದು, ಮನುಷ್ಯರ ಬಾಯಿಗೆ ಅಲ್ಲ. ಕಣಗಿಲೆಯ ವಿಷ ನೇರವಾಗಿ ಹೃದಯದ ಬಡಿತವನ್ನು ಏರುಪೇರು ಮಾಡುವಂಥದ್ದು. 2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿ ತನ್ನ ದೇಗುಲಗಳ ನೈವೇದ್ಯ, ಪ್ರಸಾದಗಳಿಂದ ಕಣಗಿಲೆಯನ್ನು ದೂರವಿಡಲು ನಿರ್ಧರಿಸಿದ್ದು ಈ ಕಾರಣಕ್ಕೇ. ತಿನ್ನಬಹುದಾದ ಹೂವೇ ಆದರೂ ಹೂವಿನಂಗಡಿಯದಾದರೆ ಬೇಡ. ಮಾರುಕಟ್ಟೆಗೆ ಬೆಳೆಯುವ ಹೂವಿಗೆ ಸಿಂಪಡಿಸುವ ಔಷಧಿ ಅದನ್ನು ಯಾರಾದರೂ ತಿನ್ನುತ್ತಾರೆಂಬ ಎಣಿಕೆಯಿಂದ ಸಿಂಪಡಿಸಿದ್ದಲ್ಲ. ಪರಾಗದ ಅಲರ್ಜಿ ಇರುವವರಿಗಾಗಿ ಕೇಸರಗಳನ್ನು ಬಿಡಿಸಿಯೇ ಬಳಸಬೇಕು.

ಹೂವಿನಂಗಡಿಯ ಗುಲಾಬಿ ಬೇಡವೆನ್ನಲು ಇನ್ನೂ ಒಂದು ಕಾರಣವಿದೆ: ಅದರಲ್ಲಿ ಪರಿಮಳವೇ ಇರುವುದಿಲ್ಲ. ಉದ್ದ ಕಾಂಡ, ಬಿಗಿ ಮೊಗ್ಗು, ವಿಮಾನವೇರಿ ಇಳಿದರೂ ಬಾಡದ ಎಸಳುಗಳಿಗಾಗಿ ತಲೆಮಾರುಗಳಿಂದ ಆಯ್ದು ಬೆಳೆಸಿದ ತಳಿಗಳು ಸುಗಂಧವನ್ನು ದಾರಿಯಲ್ಲೇ ಕಳೆದುಕೊಂಡವು. 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಫ್ರೆಂಚ್ ವಿಜ್ಞಾನಿಗಳ ನೇತೃತ್ವದ ಅಧ್ಯಯನ, ಗುಲಾಬಿಯ ಘಮಕ್ಕೆ ಕಾರಣವಾಗುವ ಜೆರೇನಿಯಾಲ್‌ನ ತಯಾರಿಯಲ್ಲಿ ಅನಿರೀಕ್ಷಿತವಾದ ಒಂದು ಕಿಣ್ವದ ಪಾತ್ರವನ್ನು ಗುರುತಿಸಿತು. ಪರಿಮಳವಿಲ್ಲದ ಗುಲಾಬಿಗಳಲ್ಲಿ ಅದರ ಚಟುವಟಿಕೆ ತೀರಾ ಕ್ಷೀಣವಾಗಿತ್ತು. ಇಂದಿನ ಮಿಠಾಯಿ ಅಂಗಡಿಗಳ ಬರ್ಫಿಯ ಮೇಲೆ ಅಂಟಿಸುವ ಒಣ ಪಕಳೆ ಕಣ್ಣಿಗಷ್ಟೇ ಗುಲಾಬಿ; ಮೂಗಿಗೆ ತಾಗುವುದು ಬಾಟಲಿಯ ಎಸೆನ್ಸ್. ನೂರಾರು ರೂಪಾಯಿ ಬೆಲೆಯ ಈ ಅಲಂಕಾರಕ್ಕಿಂತ ಹಿತ್ತಲಿನ ಹತ್ತು ಹೂವಿನ ಅರ್ಧ ಬಟ್ಟಲು ಗುಲ್ಕನ್ ಎಷ್ಟೋ ಮೇಲು.

ಇದು ಅಸಾಧ್ಯವಾದ ಆಸೆಯೇನಲ್ಲ. ತಾರಸಿ ತೋಟಗಳ ಉಮೇದು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಅಪಾರ್ಟ್‌ಮೆಂಟುಗಳಿಗೂ ಹಬ್ಬಿದೆ. ಟೊಮೆಟೊ, ಪುದೀನದ ಕುಂಡಗಳ ಪಕ್ಕದಲ್ಲಿ ಶಂಖಪುಷ್ಪದ ಬಳ್ಳಿಯನ್ನೂ ದಾಸವಾಳವನ್ನೂ ಬೆಳೆಸುವವರು ಈಗ ಅಪರೂಪವಲ್ಲ. ಪನ್ನೀರು ಗುಲಾಬಿಯನ್ನು ಮಾತ್ರ ನರ್ಸರಿಗಿಂತ ಹಳೆಯ ಮನೆಗಳಲ್ಲಿ ಹುಡುಕುವುದು ಲೇಸು. ಪೆನ್ಸಿಲಿನಷ್ಟು ದಪ್ಪದ, ನಾಲ್ಕೈದು ಗೆಣ್ಣಿನ ಕಡ್ಡಿಯನ್ನು ಮುಂಗಾರಿನ ಮೊದಲ ವಾರಗಳಲ್ಲಿ ಓರೆಯಾಗಿ ಕತ್ತರಿಸಿ, ಎರಡು ಗೆಣ್ಣು ಮಣ್ಣಿನೊಳಗೆ ಇರುವಂತೆ ಊರಿ ನೆರಳಿನಲ್ಲಿಟ್ಟರೆ ಬೇರು ಬಿಡುತ್ತದೆ. ಚಿಗುರು ಬಂದ ಮೇಲೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಜಾಗಕ್ಕೆ ಕುಂಡವನ್ನು ಸರಿಸಬೇಕು. ಗೊಬ್ಬರಕ್ಕೆ ಕೊಳೆತ ಸಗಣಿ, ಗಿಡಹೇನಿಗೆ ಬೇವಿನೆಣ್ಣೆಯ ದ್ರಾವಣ ಸಾಕು. ಮೊದಲ ಹೂಗಳನ್ನು ಮುಡಿಯಲು ಬಿಟ್ಟು, ಬೇಸಿಗೆಯ ಹೂಗಳನ್ನು ಒಂದೊಂದಾಗಿ ಬಿಡಿಸಿ ಭರಣಿಗೆ ಸೇರಿಸುತ್ತಾ ಹೋಗಬಹುದು. ಗುಲ್ಕನ್ ಒಂದೇ ದಿನ ತುಂಬಬೇಕೆಂಬ ನಿಯಮವೇನೂ ಇಲ್ಲ, ಪ್ರತಿ ಹೊಸ ಪದರದ ಮೇಲೆ ಸಕ್ಕರೆ ಮುಚ್ಚಿದ್ದರಾಯಿತು.